ಎಡಗಡೆಯ ಕೋನುಗಳು

ಜನವರಿ 12, ಭಾನುವಾರ

ಹಿಂದಿನ ಚಕ್ರಗಳಿಗೆ ಗಿಡ್ಡ ಸ್ಪ್ರಿಂಗ್ ಎರಡೂ ಕೂತವು. ಕಾರು ಇನ್ನೊಂದು ಬೆರಳಿನಷ್ಟು ಕೆಳಗಿಳಿಯಿತು. ಮೊದಲೇ ಕುಳ್ಳಿ, ಹೆಸರೇ ಕುಳ್ಳಿ. ಈಗ ನೆಲಕ್ಕೆ ಅಂಟಿಕೊಂಡ ಹಾಗಿದ್ದಾಳೆ. ಬೀದಿಯ ಹಂಪ್ ದಾಟಿಸುವಾಗ ಹೊಟ್ಟೆ ಉಜ್ಜಿತು. ಸವತಿಗೆ ಹೊಟ್ಟೆನೋವು ಶುರುವಾಯಿತು ಎಂದು ಹೆಂಡತಿ ಗೇಟಿನಲ್ಲೇ ನಿಂತು ನಕ್ಕಳು.

ಮಧ್ಯಾಹ್ನ ಪ್ರಾಕ್ಟೀಸ್. ಗೋದಾಮಿನ ಹಿಂದಿನ ಡಾಂಬರು ಮೈದಾನ, ಭಾನುವಾರ ಖಾಲಿ. ರಸ್ತೆಗಿಡುವ ಪ್ಲಾಸ್ಟಿಕ್ ಕೋನುಗಳನ್ನಿಟ್ಟು ದಾರಿ ಮಾಡಿದ್ದು ಭಾಮೈದ. ಸ್ಟಾಪ್‌ವಾಚ್ ಹೆಂಡತಿಯ ಕೈಯಲ್ಲಿ. ಬಿದ್ದ ಕೋನ್ ಎತ್ತಿ ನಿಲ್ಲಿಸುವವಳೂ ಅವಳೇ. ಅದಕ್ಕೆಂದೇ ಒಂದು ಕಿತ್ತಳೆ ಬಣ್ಣದ ಜಾಕೆಟ್ ತೆಗೆದುಕೊಂಡಿದ್ದಾಳೆ, ನಾನೂ ಒಂದು ಕೋನ್ ಥರ ಕಾಣ್ತೀನಿ ಅನ್ನುತ್ತಾಳೆ.

ಟೈಮ್ ಚೆನ್ನಾಗಿದೆ. ಆದರೆ ಎಡಗಡೆ ಕೋನ್ ಮತ್ತೆ ಬಿತ್ತು. ಪ್ರತಿ ಸಲವೂ ಎಡಗಡೆಯದೇ.

ನನ್ನ ಮೋಟಾರ್ ರಿಪೇರಿ ಅಂಗಡಿಯ ಪಕ್ಕದವನು ನಿನ್ನೆ ಕೇಳಿದ, ಯಾರ ಜೊತೆ ರೇಸು ಅಂತ. ಯಾರ ಜೊತೆಯೂ ಅಲ್ಲಪ್ಪಾ ಎಂದೆ. ಆಟೋಕ್ರಾಸ್ ಅಂದರೆ ಒಂದು ಸಲಕ್ಕೆ ಒಂದೇ ಕಾರು, ಕೋನುಗಳ ಮಧ್ಯೆ ದಾರಿ, ಒಂದು ಗಡಿಯಾರ. ಕೋನ್ ಬೀಳಿಸಿದರೆ ಎರಡು ಸೆಕೆಂಡ್ ದಂಡ. ಅವನಿಗೆ ನಗು. ನಗಲಿ. ಹೋದ ಸೀಸನ್ ಅರ್ಧ ಸೆಕೆಂಡಿನಲ್ಲಿ ಎರಡನೇ ಸ್ಥಾನಕ್ಕೆ ಬಿದ್ದವನ ಹೊಟ್ಟೆಯುರಿ ಅವನಿಗೇನು ಗೊತ್ತು.

ಮಾರ್ಚ್ ಒಂಬತ್ತಕ್ಕೆ ಮೊದಲ ರೌಂಡ್. ಈ ಸೀಸನ್ ಗೆಲ್ಲಬೇಕು. ವಯಸ್ಸು ಐವತ್ತಕ್ಕೆ ಬಂತು, ಇನ್ನೆಷ್ಟು ಸೀಸನ್ ಇದೆ ನನಗೆ.

ಮುಂದಿನ ಎಡ ಚಕ್ರ ಎಳೆಯುತ್ತಿರಬೇಕು. ಅದೇ.

ಜನವರಿ 15, ಬುಧವಾರ, ಸಂಜೆ

ಭಾಮೈದನ ವೀಲ್ ಅಲೈನ್‌ಮೆಂಟ್ ಅಂಗಡಿ. ಕುಳ್ಳಿಯನ್ನು ರ‍್ಯಾಂಪಿಗೆ ಹತ್ತಿಸಿ ನೋಡಿದ. ಸ್ಕ್ರೀನಿನಲ್ಲಿ ಎಲ್ಲ ಹಸಿರು. ಕಾರು ನೂಲು ಹಿಡಿದ ಹಾಗೆ ನೇರ ಇದೆ ಭಾವ ಎಂದ. ನಿನ್ನ ಮಿಷನ್ನೇ ಸರಿ ಇಲ್ಲ ಎಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಅತ್ತ ತಿರುಗಿ ಗೊಣಗಿದ. ಕೇಳಿಸಿತು. ತನ್ನ ಅಕ್ಕನ ಮದುವೆಯಲ್ಲಿ ನನ್ನ ಬೆರಳು ಹಿಡಿದು ಓಡಾಡಿದ ಹುಡುಗ, ಈಗ ನನಗೇ ಗಾದೆ ಹೇಳುತ್ತಾನೆ.

ಹಠ ಹಿಡಿದು ಚಕ್ರದ ಕೋನ ಬದಲಾಯಿಸಿದೆ. ಕಾರು ತಾನಾಗಿಯೇ ಚೂರು ಬಲಕ್ಕೆ ವಾಲಬೇಕು, ಎಡಗಡೆ ಜಾಗ ಉಳಿಯಬೇಕು — ಅಷ್ಟೇ ನನ್ನ ಲೆಕ್ಕ. ಸ್ಕ್ರೀನಿನಲ್ಲಿ ಈಗ ಕೆಂಪು. ಇರಲಿ.

ಜನವರಿ 19, ಭಾನುವಾರ

ಮತ್ತೆ ಎಡಗಡೆ. ಅದೂ ಎರಡೆರಡು.

ಭಾಮೈದ ಓಡಿಸಿದ. ನಮ್ಮ ಕ್ಲಾಸಿನಲ್ಲಿ, ಅಂದರೆ ಸಣ್ಣ ಕಾರುಗಳ ವಿಭಾಗದಲ್ಲಿ, ಒಂದೇ ಕಾರಿಗೆ ಇಬ್ಬರು ಡ್ರೈವರ್ ಇರಬಹುದು, ಅವನ ಹೆಸರನ್ನೂ ಸೇರಿಸಿದ್ದೇವೆ. ಒಂದು ಕೋನ್ ಕೂಡ ಅಲುಗಲಿಲ್ಲ. ಇಳಿದು ಬಂದು, ಗಾಡಿ ಬಲಕ್ಕೆ ಎಳೀತಿದೆ ಭಾವ, ಮೊದಲಿನ ಹಾಗೇ ಮಾಡೋಣ ಎಂದ.

ಅಜ್ಜಿ ಓಡಿಸಿದ ಹಾಗೆ ಓಡಿಸಿದರೆ ಕೋನ್ ಯಾಕೆ ಬೀಳುತ್ತೆ ಎಂದು ಹೆಂಡತಿಯ ಹತ್ತಿರ ಹೇಳಿದೆ. ಅವಳು ಸ್ಟಾಪ್‌ವಾಚ್ ತೋರಿಸಿದಳು. ಅವನದು ನನಗಿಂತ ವೇಗ.

ದಾರಿಯುದ್ದಕ್ಕೂ ಇದೇ ಯೋಚನೆ. ನನ್ನ ಕಾರು ನನಗೆ ಮಾತ್ರ ಯಾಕೆ ಹೀಗೆ ಮಾಡುತ್ತದೆ...

ಜನವರಿ 23, ಗುರುವಾರ

ಅಂಗಡಿ. ಸುಟ್ಟುಹೋದ ಪಂಪ್ ಮೋಟಾರ್ ಒಂದು ಬಂದಿತ್ತು, ಒಳಗಿನ ತಂತಿ ಹೊಸದಾಗಿ ಸುತ್ತಿ ವೈಂಡಿಂಗ್ ಮುಗಿಸಿದೆ. ತಲೆಯೆತ್ತಿದರೆ ಬೆಂಚಿನ ಎಡಗಡೆ ಒಬ್ಬ ಗಿರಾಕಿ. ಯಾವಾಗ ಬಂದಿರಿ ಅಂದೆ. ಆಗಲೇ ಬಂದೆ ಸಾರ್, ಎರಡು ಸಲ ಕೈ ಬೀಸಿದೆ, ನೀವು ನೋಡಲೇ ಇಲ್ಲ ಎಂದ. ಕೆಲಸದಲ್ಲಿ ಮುಳುಗಿದರೆ ನನಗೆ ಲೋಕವೇ ಇರುವುದಿಲ್ಲ. ಮೊದಲಿನಿಂದಲೂ ಹಾಗೆ.

ಬಾಗಿಲ ಚೌಕಟ್ಟಿಗೆ ಎಡ ಭುಜ ತಾಗಿ ನೀಲಿಗಟ್ಟಿದೆ. ಹೆಂಡತಿ ಎಣ್ಣೆ ಸವರಿದಳು. ಅದೇ ಜಾಗಕ್ಕೆ ಮತ್ತೆ ಮತ್ತೆ ಹೊಡಸ್ಕೊಳ್ತೀರಲ್ಲ ಎಂದಳು. ಸೀಸನ್ ಹತ್ತಿರ ಬಂತು, ತಲೆ ಇಲ್ಲಿಲ್ಲ ಎಂದೆ.

ಫೆಬ್ರವರಿ 2, ಭಾನುವಾರ

ಸೀಟು ಮುಂದೆ ತಂದೆ. ಆಗಲಿಲ್ಲ. ಎತ್ತರ ಮಾಡಿದೆ. ಆಗಲಿಲ್ಲ. ಎಡಗಡೆಯ ಕನ್ನಡಿ ದೊಡ್ಡದು ಹಾಕಿದೆ. ಬಾನೆಟ್ಟಿನ ಎಡ ಅಂಚಿಗೆ ಹಳದಿ ಟೇಪ್ ಅಂಟಿಸಿದೆ. ಮದುವೆ ದಿಬ್ಬಣದ ಗಾಡಿ ಆಯಿತು, ಕೋನ್ ಬೀಳುವುದು ನಿಲ್ಲಲಿಲ್ಲ.

ಮನೆಗೆ ಬಂದ ಮೇಲೆ ಹೆಂಡತಿ ಮೆಲ್ಲಗೆ ಶುರು ಮಾಡಿದಳು. ಒಂದು ಸಲ ಕಣ್ಣು ತೋರಿಸೋಣ. ರೇಗಿದೆ. ಕೂದಲೆಳೆಯಂಥ ತಾಮ್ರದ ತಂತಿ ಸುತ್ತುವವನು ನಾನು, ಕನ್ನಡಕವಿಲ್ಲದೆ ಸುತ್ತುತ್ತೇನೆ. ಮೈದಾನದ ಆಚೆ ತುದಿಯ ಬೋರ್ಡು ಓದುತ್ತೇನೆ. ಇಂಥ ಕಣ್ಣಿಗೆ ಏನಾಗಿದೆ? ಅವಳು ಎದ್ದು ಅಡುಗೆಮನೆಗೆ ಹೋದಳು. ತಟ್ಟೆ ತೊಳೆಯುವ ಸದ್ದು ಜೋರಾಯಿತು.

ನಾಳೆ ಸ್ಟೀರಿಂಗ್ ಬಿಚ್ಚಿ ನೋಡಬೇಕು. ಉಳಿದದ್ದು ಅದೊಂದೇ.

ಫೆಬ್ರವರಿ 9, ಭಾನುವಾರ

ಬರೆಯಲಾರೆ.

ಫೆಬ್ರವರಿ 13, ಗುರುವಾರ, ಮಧ್ಯಾಹ್ನ

ಅವಳು ಮಲಗಿದ್ದಾಳೆ. ಎಡಗೈ ಮಣಿಕಟ್ಟು ಮುರಿದಿದೆ, ಸೊಂಟದ ಹತ್ತಿರ ಚರ್ಮ ಕಿತ್ತಿದೆ. ದೇವರು ದೊಡ್ಡವನು, ಅಷ್ಟಕ್ಕೇ ಹೋಯಿತು ಎಂದು ಅವಳೇ ನನಗೆ ಸಮಾಧಾನ ಹೇಳುತ್ತಾಳೆ.

ಬರೆದುಬಿಡುತ್ತೇನೆ.

ಭಾನುವಾರದ ಪ್ರಾಕ್ಟೀಸ್. ಭಾಮೈದ ಟೈರಿಗೆ ಗಾಳಿ ನೋಡಿ ಅತ್ತ ಹೋಗಿದ್ದ. ಅವನು ಕೈಯೆತ್ತಿದ ಮೇಲೆ ಹೊರಡುವುದು ನಮ್ಮ ಪದ್ಧತಿ. ಕಾಯಲಿಲ್ಲ. ನೋಡಿದೆ, ಮೈದಾನ ಖಾಲಿ ಇತ್ತು. ನನ್ನ ಮಟ್ಟಿಗೆ ಖಾಲಿ ಇತ್ತು. ಹೊರಟೆ. ಮೂರನೇ ತಿರುವಿನಲ್ಲಿ ಎಡಗಡೆ ದಪ್ ಅಂತ ಸದ್ದಾಯಿತು.

ಇನ್ನೊಂದು ಕೋನ್ ಅಂದುಕೊಂಡೆ. ಥೂ, ಎರಡು ಸೆಕೆಂಡ್ ಹೋಯಿತು ಅಂದುಕೊಂಡೆ. ನಿಲ್ಲಿಸಲಿಲ್ಲ. ಕೊನೆಯ ಗೆರೆ ದಾಟಿ ನಿಲ್ಲಿಸಿ, ಟೈಮ್ ಎಷ್ಟಾಯಿತು ಎಂದು ಕಿಟಕಿಯಿಂದ ಕೂಗಿದೆ. ಉತ್ತರ ಬರಲಿಲ್ಲ. ಇನ್ನೊಂದು ಸಲ ಕೂಗಿದೆ. ಟೈಮ್ ಹೇಳಬೇಕಾದವಳು ಹಿಂದೆ ಡಾಂಬರಿನ ಮೇಲೆ ಕೂತಿದ್ದಳು. ಭಾಮೈದ ಅವಳ ಕಡೆ ಓಡುತ್ತಿದ್ದ.

ಬಿದ್ದ ಕೋನ್ ಎತ್ತಿ ನಿಲ್ಲಿಸಲು ಹೋಗಿದ್ದಳು. ಹೊಸದಾಗಿ ಹಾಕಿದ ಆ ದೊಡ್ಡ ಕನ್ನಡಿಯೇ ಮೊದಲು ಅವಳ ಕೈಗೆ ತಾಗಿದ್ದು.

ಆಸ್ಪತ್ರೆಯಲ್ಲಿ ಜಾರಿ ಬಿದ್ದೆ ಎಂದಳು. ನಾನು ಪಕ್ಕದಲ್ಲಿ ಗೊಂಬೆಯ ಹಾಗೆ ನಿಂತಿದ್ದೆ. ಹೊರಗೆ ಬೆಂಚಿನ ಮೇಲೆ ಭಾಮೈದ ನೆಲ ನೋಡುತ್ತಾ ಕೇಳಿದ.

"ಭಾವ, ಅಷ್ಟು ಹತ್ರ ಇದ್ಲಲ್ಲ ಅಕ್ಕ. ನಿಮಗೆ ಕಾಣ್ಲೇ ಇಲ್ವಾ?"

ಕಾಣಲಿಲ್ಲ ಎಂದೆ. ಆ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು.

ಫೆಬ್ರವರಿ 20, ಗುರುವಾರ

ಕಣ್ಣಿನ ಆಸ್ಪತ್ರೆ. ಅವಳೇ ಕರೆದುಕೊಂಡು ಹೋದಳು, ಕೈ ಕುತ್ತಿಗೆಗೆ ಕಟ್ಟಿಕೊಂಡು. ಕಾಯುವವರೆಲ್ಲ ಅವಳನ್ನೇ ರೋಗಿ ಅಂದುಕೊಂಡರು.

ಬೋರ್ಡಿನ ಅಕ್ಷರಗಳನ್ನು ಕೊನೆಯ ಸಾಲಿನವರೆಗೂ ಓದಿದೆ. ಒಳಗೊಳಗೇ ಹಿಗ್ಗಿದೆ. ಆಮೇಲೆ ಒಂದು ಮಿಷನ್. ಗದ್ದ ಊರಿ, ಒಂದು ಕಣ್ಣು ಮುಚ್ಚಿ, ನಡುವಿನ ದೀಪವನ್ನೇ ನೋಡುತ್ತಿರಬೇಕು. ಸುತ್ತ ಎಲ್ಲೋ ಸಣ್ಣ ಬೆಳಕಿನ ಚುಕ್ಕೆ ಮಿಂಚುತ್ತದೆ. ಕಂಡಾಗ ಬಟನ್ ಒತ್ತಬೇಕು.

ರೇಸಿನ ಸ್ಟಾರ್ಟ್ ಸಿಗ್ನಲ್‌ಗೆ ಪಳಗಿದ ಬೆರಳು ಇದು. ಚುಕ್ಕೆಗಳು ಎಷ್ಟು ಹೊತ್ತಿಗೊಂದು ಬರುತ್ತವೆ ಎಂಬ ತಾಳ ಸಿಕ್ಕಿತು. ಕಾಣದಿದ್ದರೂ ತಾಳಕ್ಕೆ ಒತ್ತುತ್ತಾ ಹೋದೆ. ಗೆಲ್ಲುತ್ತಿದ್ದೇನೆ ಅನಿಸಿತು. ಪರೀಕ್ಷೆ ಮಾಡುತ್ತಿದ್ದ ಹುಡುಗಿ ಮಿಷನ್ ನಿಲ್ಲಿಸಿದಳು. ಸಾರ್, ನಾನು ಚುಕ್ಕೆ ಬಿಡದೇ ಇದ್ದಾಗಲೂ ಒತ್ತುತ್ತಿದ್ದೀರಿ, ಕಂಡರೆ ಮಾತ್ರ ಒತ್ತಿ ಎಂದಳು. ಪರೀಕ್ಷೆಯಲ್ಲಿ ಕಾಪಿ ಹೊಡೆದು ಸಿಕ್ಕಿಬಿದ್ದ ಹಾಗಾಯಿತು. ಎರಡನೇ ಸಲ ಪ್ರಾಮಾಣಿಕವಾಗಿ ಕೂತೆ. ಎಡಗಣ್ಣಿಗೆ ಬೆರಳು ಬಹಳ ಹೊತ್ತು ಸುಮ್ಮನೇ ಇತ್ತು. ಆ ಮೌನ ಎಷ್ಟು ಉದ್ದ ಅಂತ ನನಗೇ ಗೊತ್ತಾಯಿತು.

ಗ್ಲಾಕೋಮಾ. ಕಣ್ಣಿನೊಳಗೆ ಒತ್ತಡ ಹೆಚ್ಚಿ ನರ ಸಾಯುತ್ತದಂತೆ. ನೋವಿಲ್ಲ, ಸುಳಿವಿಲ್ಲ. ನೇರ ನೋಟ ಕೊನೆಯವರೆಗೂ ಚೆನ್ನಾಗಿರುತ್ತದೆ, ಅಂಚುಗಳು ಮೊದಲು ಹೋಗುತ್ತವೆ. ಹೋದ ಕಡೆ ಕಪ್ಪು ಕಾಣುವುದಿಲ್ಲವಂತೆ. ಅಲ್ಲಿ ಏನೂ ಇಲ್ಲ ಎಂದು ತಲೆಯೇ ತುಂಬಿಕೊಳ್ಳುತ್ತದಂತೆ. ಎಡಗಡೆ ಬಹಳ ಹೋಗಿದೆ. ಬಲಗಡೆ ಶುರುವಾಗಿದೆ.

ಡಾಕ್ಟರಮ್ಮ ಒಳ್ಳೆಯವರು. ನನ್ನನ್ನೇ ನೋಡಿ ಹೇಳಿದರು. "ಹೋಗಿರೋದು ವಾಪಸ್ ಬರಲ್ಲ. ಉಳಿದಿರೋದನ್ನ ಉಳಿಸ್ಕೊಳ್ಳೋಣ. ಗಾಡಿ ಮಾತ್ರ ಇನ್ನು ಬೇಡ."

ಆಪರೇಷನ್ ಮಾಡಿದರೆ ಎಂದೆ. ಅದು ಒತ್ತಡ ಇಳಿಸಲು, ನೋಟ ತರಲು ಅಲ್ಲ. ಕನ್ನಡಕ? ತಲೆಯಾಡಿಸಿದರು. ಬಿಚ್ಚಿ ನೋಡಲು ಇನ್ನೇನೂ ಉಳಿದಿರಲಿಲ್ಲ.

ಫೆಬ್ರವರಿ 28, ಶುಕ್ರವಾರ

ದಿನಕ್ಕೆ ಎರಡು ಹೊತ್ತು ಕಣ್ಣಿಗೆ ಹನಿ. ಅವಳು ಒಂದೇ ಕೈಯಲ್ಲಿ ಹಾಕುತ್ತಾಳೆ. ನನ್ನ ಕೈಯಿಂದ ಮುರಿದದ್ದನ್ನು ಎದೆಗೆ ಕಟ್ಟಿಕೊಂಡು, ಇನ್ನೊಂದರಲ್ಲಿ ನನ್ನ ರೆಪ್ಪೆ ಬಿಡಿಸುತ್ತಾಳೆ. ಅತ್ತುಬಿಟ್ಟರೆ ಔಷಧಿ ಹರಿದು ಹೋಗುತ್ತೆ ಎಂದಳು. ಅಳಲಿಲ್ಲ.

ಕುಳ್ಳಿಯನ್ನು ಭಾಮೈದನ ಅಂಗಡಿಗೆ ಕೊಟ್ಟೆ. ಅವನೇ ಓಡಿಸಲಿ. ನಾನು ಮಾಡಿದ್ದನ್ನೆಲ್ಲ ಇಬ್ಬರೂ ಸೇರಿ ಬಿಚ್ಚಿದೆವು. ಸೀಟು ಹಿಂದಕ್ಕೆ, ಕನ್ನಡಿ ಚಿಕ್ಕದು, ಚಕ್ರದ ಕೋನ ಮೊದಲಿನ ಹಾಗೆ. ಸ್ಕ್ರೀನಿನಲ್ಲಿ ಎಲ್ಲ ಹಸಿರಾಯಿತು. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಹಾಕಿದ ಹಾಗೆ, ಇಷ್ಟು ವಾರ ಇಲ್ಲದ ಕಾಯಿಲೆಗೆ ಕುಳ್ಳಿಗೆ ಮದ್ದು ಕುಡಿಸಿದೆ. ಅವಳಲ್ಲಿ ಏನೂ ದೋಷ ಇರಲಿಲ್ಲ. ಒಂದಾದರೂ ಇದ್ದಿದ್ದರೆ, ಒಂದು ಬೋಲ್ಟಾದರೂ ಸಡಿಲ ಇದ್ದಿದ್ದರೆ ಎಂದು ಇವತ್ತೂ ಆಸೆ ಬಿದ್ದು ಹುಡುಕಿದೆ.

ರೇಸಿನ ಲಿಸ್ಟಿನಿಂದ ನನ್ನ ಹೆಸರು ತೆಗೆಸಲಾ ಎಂದು ಭಾಮೈದ ಕೇಳಿದ. ಈಗ ಬೇಡ, ಇರಲಿ ಎಂದೆ. ಯಾಕೆ ಅಂತ ಅವನು ಕೇಳಲಿಲ್ಲ. ನಾನೂ ಕೇಳಿಕೊಳ್ಳಲಿಲ್ಲ.

ಮಾರ್ಚ್ 8, ಶನಿವಾರ

ಏನೂ ಬರೆಯುವುದಿಲ್ಲ ಇವತ್ತು. ಹೆಲ್ಮೆಟ್ ಒರೆಸಿ, ಭಾಮೈದನ ಅಂಗಡಿಗೆ ಹೋಗಿ ಕುಳ್ಳಿಯ ಡಿಕ್ಕಿಯಲ್ಲಿ ಇಟ್ಟು ಬಂದಿದ್ದೇನೆ, ಸುಮ್ಮನೆ.

ಮಾರ್ಚ್ 9, ಭಾನುವಾರ, ಸಂಜೆ

ಭಾಮೈದ ಕ್ಲಾಸಿನಲ್ಲಿ ಮೊದಲನೆಯವನು. ಕುಳ್ಳಿ ಗೆದ್ದಳು. ವರ್ಷಗಟ್ಟಲೆ ಕಾದ ದಿನ. ಎಲ್ಲರೂ ಬಂದು ಕೈ ಕುಲುಕಿದರು, ಏನ್ ಗಾಡಿ ಸಾರ್ ಎಂದರು. ಖುಷಿಯಾಗಬೇಕಿತ್ತು. ಆಗಲಿಲ್ಲ.

ಬೆಳಿಗ್ಗೆ ಮೂವರೂ ಕೋರ್ಸ್ ನಡೆದು ನೋಡಿದೆವು. ಓಡಿಸುವ ಮೊದಲು ಕಾಲ್ನಡಿಗೆಯಲ್ಲಿ ದಾರಿ ಬಾಯಿಪಾಠ ಮಾಡಬೇಕಲ್ಲ. ಭಾಮೈದನಿಗೆ ಎಲ್ಲಿ ಬ್ರೇಕು, ಎಲ್ಲಿ ಬಿಡಬೇಕು ಎಂದು ಹೇಳುತ್ತಾ ಹೋದೆ. ಹೇಳುವಾಗ ನನ್ನ ಪಾದಗಳೇ ಪೆಡಲ್ ಒತ್ತುತ್ತಿದ್ದವು. ಅವನು ಹೇಳಿದ ಹಾಗೇ ಓಡಿಸಿದ. ಇಳಿದ. ಆಗ ಮೈಕಿನಲ್ಲಿ ನನ್ನ ನಂಬರ್ ಕೂಗಿದರು. ಅದೇ ಕಾರು, ಎರಡನೇ ಡ್ರೈವರ್.

ಡಿಕ್ಕಿ ತೆಗೆದು ಹೆಲ್ಮೆಟ್ ಹಾಕಿಕೊಂಡೆ. ಭಾಮೈದನ ಮುಖ ಬಿಳಿಚಿತು. ಬೇಡ ಭಾವ ಎಂದ, ಆದರೆ ಅಡ್ಡ ನಿಲ್ಲಲಿಲ್ಲ. ಒಂದೇ ಒಂದು ಸಲ. ಇಲ್ಲಿ ಕೋನ್ ನೋಡಿಕೊಳ್ಳುವ ಮಾರ್ಷಲ್‌ಗಳೆಲ್ಲ ದೂರ ನಿಂತಿರುತ್ತಾರೆ. ಕೋರ್ಸ್ ಬಾಯಿಪಾಠ. ಕೋನ್ ಬಿದ್ದರೆ ಬೀಳಲಿ, ಕೋನ್ ತಾನೇ. ಹೀಗೆಲ್ಲ ಹೇಳಿಕೊಂಡೆ. ಸೀಟಿನಲ್ಲಿ ಅವನ ಮೈಯ ಬಿಸಿ ಇನ್ನೂ ಇತ್ತು. ಬೆಲ್ಟ್ ಬಿಗಿದೆ. ಇಂಜಿನ್ ಶುರುವಾದಾಗ ಎದೆ ತುಂಬಿ ಬಂತು, ಸುಳ್ಳು ಹೇಳುವುದಿಲ್ಲ.

ಹೆಂಡತಿ ಎಲ್ಲಿದ್ದಾಳೆ ಎಂದು ನೋಡಿದೆ. ಬಲಗಡೆ ಜನರ ನಡುವೆ ಇರಲಿಲ್ಲ. ಎದುರಿಗೂ ಇಲ್ಲ. ಒಳ್ಳೆಯದೇ ಆಯಿತು, ನೋಡಲಾರದೆ ಎದ್ದು ಹೋಗಿರಬೇಕು ಅಂದುಕೊಂಡೆ. ಎಡಗಡೆ ಖಾಲಿ ಡಾಂಬರು, ಬಿಸಿಲು. ಗೇರ್ ಹಾಕಿದೆ.

"ರೀ, ನಾನು ಇಲ್ಲೇ ಇದೀನಿ."

ಕಿವಿಯ ಹತ್ತಿರವೇ ಬಂದ ಹಾಗಿತ್ತು ದನಿ. ತಲೆಯನ್ನು ಪೂರ್ತಿ ಎಡಕ್ಕೆ ತಿರುಗಿಸಿದೆ. ಅದೇ ಕಿತ್ತಳೆ ಜಾಕೆಟ್. ಪ್ಲಾಸ್ಟರ್ ಕೈಯನ್ನು ಕಿಟಕಿಯ ಅಂಚಿನ ಮೇಲೆ ಊರಿದ್ದಳು. ಚಾಚಿದರೆ ನನ್ನ ಕೈಗೆ ಸಿಗುವಷ್ಟು ಹತ್ತಿರ.

"ನೀವು ಕೂತಾಗಿನಿಂದ ಇಲ್ಲೇ ನಿಂತಿದೀನಿ."

ಬೈಯಲಿಲ್ಲ. ಇಳಿಯಿರಿ ಅನ್ನಲಿಲ್ಲ. ಅಷ್ಟು ಹೇಳಿ ನಿಂತಳು. ಗೆರೆಯಲ್ಲಿ ಕಾರು ಬಿಡುವ ಸ್ಟಾರ್ಟರ್ ಹುಡುಗ ಕೈ ಮಾಡಿ, ರೆಡೀನಾ ಎಂದು ಕೇಳಿದ. ಹಿಂದಿನ ಕಾರಿನವನು ಹಾರ್ನ್ ಹೊಡೆದ.

ಇಂಜಿನ್ ಆಫ್ ಮಾಡಿದೆ. ಹೆಲ್ಮೆಟ್ಟಿನ ಕೊಕ್ಕೆ ಬಿಚ್ಚಲು ಬರಲಿಲ್ಲ. ಅವಳು ಸುತ್ತಿ ಬಂದು, ಬಾಗಿಲು ತೆಗೆದು, ಒಂದೇ ಕೈಯಲ್ಲಿ ಬಿಚ್ಚಿದಳು. ಇಳಿದೆ. ಕುಳ್ಳಿಯನ್ನು ಭಾಮೈದ ತಳ್ಳಿಕೊಂಡು ಹೋದ. ಹೆಂಡತಿ ನನ್ನ ಎಡಗಡೆಗೆ ಬಂದು ತೋಳು ಹಿಡಿದಳು. ನಡೆಯುತ್ತಾ ಕೇಳಿದೆ, ಈಗ ಎಲ್ಲಿದ್ದೀಯ ಅಂತ. ಅವಳು ತೋಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದು, ಇಲ್ಲೇ, ನಿಮ್ಮ ಎಡಗಡೆ ಎಂದಳು.