ಪ್ರಾರ್ಥನಾ ಪುಸ್ತಕದೊಳಗಿನ ಆಟಗಾರ

ಬಾಥೆಲ್, ನಾರ್ತ್ ಕ್ರೀಕ್
ಭಾನುವಾರ, 23 ಏಪ್ರಿಲ್ 2017

ಪ್ರೀತಿಯ ಶರಣವ್ವ,

ಹೇಗಿದ್ದೀಯಾ? ಮಂಡಿನೋವು ಕಡಿಮೆಯಾಯಿತೇ? ಶಿವರಾತ್ರಿಯ ಸುಮಾರಿಗೆ ತಲುಪಿದ ನಿನ್ನ ಕಾಗದಕ್ಕೆ ಈಸ್ಟರ್ ಕಳೆದ ಮೇಲೆ ಉತ್ತರ ಬರೆಯುತ್ತಿದ್ದೇನೆ. ಬೈಯುವುದಿದ್ದರೆ ಬೈದುಕೋ, ಆದರೆ ಪೂರ್ತಿ ಓದಿದ ಮೇಲೆ ಬೈದುಕೋ. ಮಗಳು ಲವೀನಾ, "ಫೋನ್ ಮಾಡಿ ಮಾತಾಡು ಮಮ್ಮಿ, ಈಗ ಯಾರು ಲೆಟರ್ ಬರೀತಾರೆ?" ಅನ್ನುತ್ತಾಳೆ. ಕಳೆದ ಸಲ ಫೋನ್ ಮಾಡಿದಾಗ ನೀನು "ಯಾರ್ರೀ ಅದು? ಯಾರ್ರೀ?" ಎಂದು ಇಡೀ ಓಣಿಗೆ ಕೇಳುವಂತೆ ಕೂಗಿ ಫೋನ್ ಇಟ್ಟುಬಿಟ್ಟದ್ದು ಅವಳಿಗೆ ಮರೆತಿದೆ. ನಮ್ಮಿಬ್ಬರಿಗೆ ಕಾಗದವೇ ಸರಿ. ಇದರಲ್ಲಿ ನಿನ್ನ ಕಿವಿಗೂ ಕಷ್ಟವಿಲ್ಲ, ನನ್ನ ಗಂಟಲಿಗೂ ಕಷ್ಟವಿಲ್ಲ.

ನೀನು ಒಂದು ಪ್ರಶ್ನೆ ಕೇಳಿದ್ದೆ. "ನಿಮ್ಮ ಮನಿಯವರು ಅಮೇರಿಕಾದಾಗ ಯಾರ ಕೂಡ ಮಾತಾಡ್ತಿದ್ರು ಮಾರ್ಗರೆಟ್? ಇಲ್ಲಿದ್ದಾಗನ ಬಾಯಿಗೆ ಬೀಗ ಹಾಕ್ಕೊಂಡು ಕುಂದರ್ತಿದ್ರಲ್ಲ" ಎಂದು. ನೀನು ತಮಾಷೆಗೆ ಬರೆದದ್ದು. ಆದರೆ ಮ್ಯಾಕ್ಸಿಮ್ ಹೋದಂದಿನಿಂದ ನಾನೂ ಅದನ್ನೇ ಕೇಳಿಕೊಳ್ಳುತ್ತಿದ್ದೇನೆ. ಪಕ್ಕದ ಮನೆಯವಳು ನೀನು, ನಿನಗೆ ಗೊತ್ತಲ್ಲ, ಇಳಕಲ್ಲಿನಲ್ಲಿ ಕೆಇಬಿ ಕೆಲಸದಲ್ಲಿದ್ದಾಗಲೂ ಮನೆಗೆ ಬಂದರೆ "ಊಟಕ್ಕೆ ಹಾಕು" ಅನ್ನುವುದೇ ಅವರ ದೊಡ್ಡ ಭಾಷಣ. ಇಲ್ಲಿ ಮಗಳ ಮನೆಗೆ ಬಂದ ಮೇಲೆ ಅದೂ ನಿಂತಿತು. ಗುರುವಾರ ಮಧ್ಯಾಹ್ನ ಮಾತ್ರ ಕೋಟು ಹಾಕಿಕೊಂಡು ಬಸ್ಸು ಹತ್ತಿ ಎಲ್ಲಿಗೋ ಹೋಗುತ್ತಿದ್ದರು. ಕತ್ತಲಾಗುವ ಮೊದಲು ಬಂದು ಕೋಟು ತೂಗುಹಾಕಿ, "ಚಳಿ ಉಂಟು" ಅನ್ನುವರು. ಅಷ್ಟೇ. ಎಲ್ಲಿಗೆ ಹೋಗಿದ್ದಿರಿ ಎಂದು ನಾನು ಕೇಳಲಿಲ್ಲ. ಒಂದು ದಿನ ಅವರಾಗಿಯೇ ಹೇಳಿಯಾರು ಎಂದುಕೊಂಡಿದ್ದೆ. ಆಮೇಲೆ 2014ರ ನವೆಂಬರಿನ ಒಂದು ಬೆಳಿಗ್ಗೆ ಅವರು ಏಳಲೇ ಇಲ್ಲ.

ಈಗ ಕತೆಗೆ ಬರುತ್ತೇನೆ. ನಿನಗೆ ನಗು ಬಂದರೆ ನಕ್ಕುಬಿಡು.

ನಮ್ಮಲ್ಲಿ ಯಾರಾದರೂ ತೀರಿಕೊಂಡರೆ ತಿಂಗಳ ಪೂಜೆಯ ದಿನ ಒಂದು ಕಾರ್ಡು ಹಂಚುತ್ತಾರೆ. ಮುಂದೆ ಸತ್ತವರ ಫೋಟೋ, ಹಿಂದೆ ಹುಟ್ಟಿದ ತಾರೀಕು, ತೀರಿಕೊಂಡ ತಾರೀಕು, ಕೆಳಗೆ ಒಂದು ಪ್ರಾರ್ಥನೆ. ಅದನ್ನು ಪ್ರಾರ್ಥನಾ ಪುಸ್ತಕದ ನಡುವೆ ಇಟ್ಟುಕೊಂಡು ಜಪಮಾಲೆಯ ಹೊತ್ತಿಗೆ ಆ ಆತ್ಮಗಳನ್ನು ನೆನೆಯುವುದು ವಾಡಿಕೆ. ಮ್ಯಾಕ್ಸಿಮ್ ಹೋದ ಮೇಲೆ ಅವರ ಪುಸ್ತಕ ನನ್ನ ಕೈಗೆ ಬಂತು. ಅವರ ಅಪ್ಪ, ನನ್ನ ಅತ್ತೆ, ಮೂಡುಬೆಳ್ಳೆಯ ಚಿಕ್ಕಪ್ಪ, ಎಲ್ಲರೂ ಅದರೊಳಗಿದ್ದರು. ಅವರ ನಡುವೆ ಒಬ್ಬ ಬಿಳಿಯ ಗಂಡಸು. ತಲೆಗೆ ಟೊಪ್ಪಿ, ನಗು ಇಲ್ಲದ ಮುಖ. ಹಿಂದೆ ತಿರುಗಿಸಿದರೆ ಡೆನ್ನಿಸ್ ಹಾಲ್ವರ್ಸನ್ ಎಂದು ಹೆಸರು, ಜನನ 1949. ಅದರ ಕೆಳಗೆ ಇರುವೆಯಂತಹ ಅಕ್ಷರದಲ್ಲಿ ಸಾಲು ಸಾಲು ಲೆಕ್ಕ. ಕೊನೆಯ ಸಾಲಿನಲ್ಲಿ 1984.

ಅಯ್ಯೋ ಪಾಪ, ಮೂವತ್ತೈದಕ್ಕೇ ಹೋದನಲ್ಲ ಎಂದುಕೊಂಡೆ. ಇವರು ಇಟ್ಟುಕೊಂಡಿದ್ದಾರೆ ಎಂದರೆ ಬೇಕಾದ ಮನೆಯವನೇ ಇರಬೇಕು. ಅಂದಿನಿಂದ ಸಂಜೆಯ ಜಪದಲ್ಲಿ ಅವನನ್ನೂ ಸೇರಿಸಿಕೊಂಡೆ. "ಕರ್ತನೇ, ಡೆನ್ನಿಸನ ಆತ್ಮಕ್ಕೆ ನಿತ್ಯ ವಿಶ್ರಾಂತಿ ಕೊಡು." ಎರಡು ವರ್ಷ, ಶರಣವ್ವ. ಜ್ವರ ಬಂದ ದಿನವೂ ತಪ್ಪಿಸಲಿಲ್ಲ.

ಕಳೆದ ಡಿಸೆಂಬರಿನಲ್ಲಿ ಅಳಿಯ ಕ್ಲೈವ್ ಶೀತವಾಗಿ ಫ್ಯಾಕ್ಟೋರಿಯಾದ ಆಫೀಸಿಗೆ ಹೋಗದೆ ಮನೆಯಲ್ಲೇ ಇದ್ದ. ಜಪಕ್ಕೆ ನನ್ನ ಪಕ್ಕ ಬಂದು ಕೂತ. ನಾನು ಸತ್ತವರ ಹೆಸರು ಹೇಳುತ್ತಾ ಹಾಲ್ವರ್ಸನ್ ಅಂದೆ ನೋಡು, ಅವನು ಕಣ್ಣು ಬಿಟ್ಟ.

"ಯಾರು ಮಮ್ಮಿ? ಇನ್ನೊಂದ್ಸಲ ಹೇಳಿ?"

ಕಾರ್ಡು ತೋರಿಸಿದೆ. ಕೆಮ್ಮುತ್ತಿದ್ದವನು ಕೆಮ್ಮು ಮರೆತು ನಗಲು ಶುರುಮಾಡಿದ. "ಮಮ್ಮಿ, ಇದು ಬೇಸ್‌ಬಾಲ್ ಕಾರ್ಡ್! ಮಕ್ಳು ಒಬ್ರಿಗೊಬ್ರು ಬದಲಾಯಿಸ್ಕೊಳ್ತಾರಲ್ಲ, ಅದು. ಈ ಲೆಕ್ಕ ಎಲ್ಲ ಅವ್ರು ಆಡಿದ ಮ್ಯಾಚಿಂದು. ಇವ್ರು ಎಂಥಾ ದೊಡ್ಡ ಪಿಚರ್ ಗೊತ್ತಾ? ಚೆಂಡು ಎಸೀತಿದ್ರೆ ಊರೇ ರೇಡಿಯೋ ಮುಂದೆ ಕೂರ್ತಿತ್ತಂತೆ. ನೀವು ನೋಡಿದ್ರೆ ಬದುಕಿರೋರನ್ನ ದಿನಾ ಸ್ವರ್ಗಕ್ಕೆ ಕಳಿಸ್ತಾ ಇದೀರಾ!"

"ಬದುಕಿದ್ದಾರಾ?" ಅಂದೆ.

ಅವನು ಫೋನಿನಲ್ಲಿ ಹುಡುಕಿದ. "ಬದುಕಿದಾರೆ ಮಮ್ಮಿ. ಇಲ್ಲೇ ಬಾಥೆಲಲ್ಲಿ ಒಂದು ಕಾರ್ಡ್ ಅಂಗಡಿ ಇದೆ. ಪ್ರತಿ ಗುರುವಾರ ಮಧ್ಯಾಹ್ನ ಅಲ್ಲಿ ಬಂದು ಕೂತು ಹಳೇ ಅಭಿಮಾನಿಗಳ ಜೊತೆ ಹರಟೆ ಹೊಡೀತಾರಂತೆ."

ಗುರುವಾರ ಎಂದು ಕೇಳಿದಾಗ ನನಗೆ ನಗಲೂ ಆಗಲಿಲ್ಲ, ಅಳಲೂ ಆಗಲಿಲ್ಲ. ಕ್ಲೈವ್ ಅಂಗಡಿಗೆ ಫೋನ್ ಮಾಡಿ ಕೇಳಿದ. ಹೌದಂತೆ. ಇಂಡಿಯಾದ ಮ್ಯಾಕ್ಸ್ ಮೂರು ವರ್ಷ ಅಲ್ಲಿಗೆ ಬರುತ್ತಿದ್ದರಂತೆ. ಡೆನ್ನಿ ಜೊತೆ ಮೂಲೆಯ ಮೇಜಿನಲ್ಲಿ ಕೂತು ಗಂಟೆಗಟ್ಟಲೆ ಮಾತಾಡುತ್ತಿದ್ದರಂತೆ. ಗಂಟೆಗಟ್ಟಲೆ, ಶರಣವ್ವ! ನಮ್ಮ ಮ್ಯಾಕ್ಸಿಮ್!

ನೀನಾಗಿದ್ದರೆ ಮರುದಿನವೇ ಸೆರಗು ಸಿಕ್ಕಿಸಿಕೊಂಡು ಹೊರಡುತ್ತಿದ್ದೆ. ನನಗೆ ನಾಚಿಕೆಯಾಯಿತು. ಎರಡು ವರ್ಷ ಯಾರನ್ನು ಸತ್ತವನೆಂದು ನೆನೆದೆನೋ ಅವನ ಎದುರು ಹೋಗಿ ನಿಂತು ಏನು ಹೇಳಲಿ? ಕ್ರಿಸ್ಮಸ್ ಮುಗಿಯಲಿ ಅಂದೆ. ಫೆಬ್ರವರಿಯಲ್ಲಿ ಹಿಮ ಬಿತ್ತು, ದಾರಿ ಜಾರುತ್ತದೆ ಅಂದೆ. ಆಮೇಲೆ ಈಸ್ಟರಿಗೆ ಮುಂಚಿನ ತಪಸ್ಸು ಕಾಲ ಬಂತು, ಉಪವಾಸದ ದಿನಗಳಲ್ಲಿ ಆಟದ ಅಂಗಡಿಗೆ ಎಂತಕ್ಕೆ ಹೋಗುವುದು ಅಂದೆ. ಲವೀನಾ ಇಸ್ಸಾಕ್ವಾದ ಕೆಲಸಕ್ಕೆ ಹೊರಡುವಾಗಲೆಲ್ಲ, "ಈ ಗುರುವಾರ ಡ್ರಾಪ್ ಮಾಡ್ಲಾ ಮಮ್ಮಿ? ರಜೆ ಹಾಕ್ತೀನಿ" ಅನ್ನುತ್ತಿದ್ದಳು. ಈಸ್ಟರ್ ಕಳೆದ ಮೇಲೆ ಖಂಡಿತ ಹೋಗುವ ಎಂದು ಮಾತು ಕೊಟ್ಟೆ. ನಿಜ ಹೇಳಬೇಕೆಂದರೆ ನಾಚಿಕೆಯ ಕೆಳಗೆ ಹೆದರಿಕೆಯೂ ಇತ್ತು. ಮನೆಯಲ್ಲಿ ನನಗೆ ಹೇಳದ್ದನ್ನು ಅವರು ಅಲ್ಲಿ ಏನು ಹೇಳಿದ್ದರೋ, ನನ್ನ ಮೇಲೆ ದೂರು ಹೇಳುತ್ತಿದ್ದರೋ ಏನೋ.

ಈಸ್ಟರಿನ ಹಿಂದಿನ ಪವಿತ್ರ ವಾರದ ಮಂಗಳವಾರ ಹಾಲ್ವರ್ಸನ್ ತೀರಿಕೊಂಡರು. ಕ್ಲೈವ್ ಆಫೀಸಿನಿಂದಲೇ ಫೋನ್ ಮಾಡಿದ. ಈ ಸಲ ಅವನು ನಗಲಿಲ್ಲ. "ಸಾರಿ ಮಮ್ಮಿ," ಅಂದ, "ನಾವು ಹೋಗ್ಬೇಕಿತ್ತು." ಸಂಜೆ ಪುಸ್ತಕ ತೆರೆದರೆ ಆ ಮನುಷ್ಯನಿಗೆ ನಿತ್ಯ ವಿಶ್ರಾಂತಿ ಕೇಳಲು ನನ್ನ ನಾಲಿಗೆ ಏಳಲಿಲ್ಲ. ಬದುಕಿದ್ದಾಗ ಬೇಡಬಾರದಷ್ಟು ಬೇಡಿದ್ದೆ, ಸತ್ತ ದಿನ ಒಂದು ಮಾತೂ ಬರಲಿಲ್ಲ.

ಮೊನ್ನೆ ಗುರುವಾರ ಅಂಗಡಿಯಲ್ಲಿ ಅವರ ನೆನಪಿಗೆ ಅಭಿಮಾನಿಗಳು ಸೇರುತ್ತಾರೆ ಎಂದು ತಿಳಿಯಿತು. ಲವೀನಾ ರಜೆ ಹಾಕಿದಳು. ಸೀರೆ ಉಟ್ಟೆ, ಕಾರ್ಡನ್ನು ಚೀಲದಲ್ಲಿ ಇಟ್ಟುಕೊಂಡೆ.

ಅಂಗಡಿ ನಮ್ಮ ಇಳಕಲ್ಲಿನ ಬಳೆ ಅಂಗಡಿಯಷ್ಟೇ ಇಕ್ಕಟ್ಟು. ಗೋಡೆ ತುಂಬ ಟೊಪ್ಪಿ ಹಾಕಿದ ಗಂಡಸರು. ಇಪ್ಪತ್ತು ಮೂವತ್ತು ಜನ, ಹೆಚ್ಚಿನವರು ನಮ್ಮ ವಯಸ್ಸಿನವರೇ. ನಡುವಿನ ಮೇಜಿನ ಮೇಲೆ ಒಬ್ಬೊಬ್ಬರಾಗಿ ತಮ್ಮ ಬಳಿ ಇದ್ದ ಹಾಲ್ವರ್ಸನ್ ಕಾರ್ಡು ಇಟ್ಟು ಒಂದು ಮಾತು ಹೇಳುತ್ತಿದ್ದರು. ಒಬ್ಬ ನಡುವಯಸ್ಸಿನವನು ಇದೇ ಕಾರ್ಡಿಗಾಗಿ ಚಿಕ್ಕಂದಿನಲ್ಲಿ ತನ್ನ ಸೈಕಲ್ಲನ್ನೇ ಗೆಳೆಯನಿಗೆ ಕೊಟ್ಟು ಅಪ್ಪನಿಂದ ಏಟು ತಿಂದಿದ್ದನಂತೆ. ಒಬ್ಬ ಹೆಂಗಸು ಹೇಳಿದಳು, ದೊಡ್ಡ ಪಂದ್ಯವೊಂದನ್ನು ಸೋತ ಮರುದಿನ ಹಾಲ್ವರ್ಸನ್ ಬೇಕರಿಯಲ್ಲಿ ಬ್ರೆಡ್ಡಿಗೆ ನಿಂತಿದ್ದರಂತೆ. ಸಾಲಿನಲ್ಲಿದ್ದ ಪ್ರತಿಯೊಬ್ಬರಿಗೂ "ನಿನ್ನೆಯದಕ್ಕೆ ಕ್ಷಮಿಸಿ" ಎಂದು ಹೇಳಿ ಕೈ ಕುಲುಕಿದರಂತೆ. ಬೇಕರಿಯವಳ ಮಗುವಿಗೂ ಹೇಳಿದರಂತೆ. ಆ ಮಗು ತಾನೇ ಎಂದು ಅವಳು ಮೂಗು ಒರೆಸಿಕೊಂಡಳು.

ನನ್ನ ಸರದಿ ಬಂತು. ಹಳೆಯ ಟೀಚರ್ ಅಲ್ಲವೇ, ಎದ್ದು ನಿಂತರೆ ಮಾತು ಬರುತ್ತದೆ. ನನಗೆ ಬರುವ ಇಂಗ್ಲಿಷಿನಲ್ಲೇ ಎಲ್ಲ ಹೇಳಿಬಿಟ್ಟೆ. ನಾನು ಮ್ಯಾಕ್ಸ್ ಅವರ ಹೆಂಡತಿ, ಇವರು ಸತ್ತಿದ್ದಾರೆ ಎಂದು ತಿಳಿದು ಎರಡು ವರ್ಷ ಪ್ರಾರ್ಥನೆ ಮಾಡಿದೆ, ದಯವಿಟ್ಟು ಮನ್ನಿಸಿ ಅಂದೆ. ಲವೀನಾ ನನ್ನ ಸೆರಗು ಜಗ್ಗುತ್ತಿದ್ದಳು. ಆಮೇಲೆ ಹಿಂದಿನಿಂದ ಒಬ್ಬ ದಪ್ಪನೆಯ ಮನುಷ್ಯ ಹೊಟ್ಟೆ ಹಿಡಿದುಕೊಂಡು ನಗತೊಡಗಿದ. ಪ್ಯಾಟ್ ಎಂದು ಅವನ ಹೆಸರು, ಬಸ್ ಓಡಿಸಿ ನಿವೃತ್ತನಾದವನು. "ಎರಡು ವರ್ಷದ ಹಿಂದೆ ಡಾಕ್ಟರು ಡೆನ್ನಿಗೆ ಆರು ತಿಂಗಳು ಅಂದಿದ್ರಮ್ಮ!" ಅಂದ. "ಈ ಮುದುಕ ಯಾಕೆ ಹೋಗ್ತಿಲ್ಲ ಅಂತ ನಾವೆಲ್ಲ ತಲೆ ಕೆಡಿಸ್ಕೊಂಡಿದ್ವಿ. ನೀವಾ ಹಿಡಿದಿಟ್ಟಿದ್ದು?" ಎಲ್ಲರೂ ನಕ್ಕರು, ನಗುತ್ತಲೇ ಅತ್ತರು. ಬೇಕರಿಯವಳ ಮಗಳು ಬಂದು ನನ್ನನ್ನು ತಬ್ಬಿಕೊಂಡಳು.

ಆ ಗಳಿಗೆಯಲ್ಲಿ ನನಗೆ ಎಷ್ಟು ಹಗುರವಾಯಿತು ಗೊತ್ತೇ! ಆದರೆ ಹಾಲ್ವರ್ಸನ್ ಕೂರುತ್ತಿದ್ದ ಮೂಲೆಯ ಮೇಜಿನಲ್ಲಿ ಎರಡು ಕುರ್ಚಿ ಖಾಲಿ ಇದ್ದವು. ಅಲ್ಲಿಗೆ ಕಣ್ಣು ಹೋದಾಗಲೆಲ್ಲ ಡಿಸೆಂಬರಿನಿಂದ ಏಪ್ರಿಲಿನವರೆಗೆ ಎಷ್ಟು ಗುರುವಾರ ಸುಮ್ಮನೆ ಬಿಟ್ಟೆ ಎಂದು ಲೆಕ್ಕ ಹಾಕುತ್ತಿದ್ದೆ. ಬಸ್ಸಿನಲ್ಲಿ ಹೋದರೂ ಅರ್ಧ ಗಂಟೆಯ ದಾರಿ, ಶರಣವ್ವ.

ಹೊರಡುವಾಗ ಪ್ಯಾಟ್ ಕಾರಿನವರೆಗೂ ಬಂದ. ಮ್ಯಾಕ್ಸಿಮ್ ಬಗ್ಗೆ ಒಂದು ಮಾತು ಹೇಳಿದ. ಅದನ್ನು ಇಲ್ಲಿ ಬರೆಯಲು ಆಗುತ್ತಿಲ್ಲ.

ನಿನ್ನ ಮೊಮ್ಮಗಳು ಬಸವ್ವ ಪರೀಕ್ಷೆ ಚೆನ್ನಾಗಿ ಬರೆದಿರಲಿ. ನಿನ್ನ ಹೆಸರು ಉಳಿಸಲಿ, ನನ್ನ ಹಾಗೆ ಟೀಚರ್ ಆಗಲಿ ಎಂದು ಈ ಅಜ್ಜಿ ಹರಸಿದ್ದಾಳೆಂದು ಹೇಳು. ನಿನ್ನ ಮಂಡಿಗೆ ದೇವರು ಬಲ ಕೊಡಲಿ. ಬಿಸಿಲಲ್ಲಿ ತಿರುಗಬೇಡ. ಬೆಳಿಗ್ಗೆ ಒಂದು ಲೋಟ ಅಂಬಲಿ ಕುಡಿ.

ನಿನ್ನವಳೇ ಆದ,
ಮಾರ್ಗರೆಟ್

ಮತ್ತೆ: ಲಕೋಟೆ ಅಂಟಿಸಲು ಕೂತವಳು ಮತ್ತೆ ಪೆನ್ನು ಹಿಡಿದೆ. ನಿನಗಲ್ಲದೆ ಇನ್ಯಾರಿಗೆ ಹೇಳಲಿ?

ಪ್ಯಾಟ್ ಕೇಳಿದ್ದು ಇಷ್ಟು: "ನೀವು ಜೋಯೆಲನ ತಾಯಿ ಅಲ್ವಾ?"

ನಮ್ಮ ಜೋಯೆಲನ ಹೆಸರು, ಶರಣವ್ವ. ಇಳಕಲ್ಲಿನಲ್ಲಿ ಮೂರು ತಿಂಗಳು ಬದುಕಿ ಜ್ವರದಲ್ಲಿ ಹೋದ ನನ್ನ ಚೊಚ್ಚಲ ಮಗು. ಮಣ್ಣು ಮಾಡಿ ಬಂದ ದಿನದಿಂದ ಮ್ಯಾಕ್ಸಿಮ್ ಆ ಹೆಸರನ್ನು ಒಮ್ಮೆಯೂ ಎತ್ತಲಿಲ್ಲ. ಮರೆತಿದ್ದಾರೆ ಎಂದು ನಾನು ಒಳಗೊಳಗೇ ಸಿಟ್ಟುಮಾಡಿಕೊಂಡಿದ್ದೆ. ಅವರಿಗೆ ನೋವಾದೀತೆಂದು ನಾನೂ ಎತ್ತಲಿಲ್ಲ. ಲವೀನಾಗೆ ಅಣ್ಣನೊಬ್ಬ ಇದ್ದ ಎಂದು ಗೊತ್ತು, ಹೆಸರು ಗೊತ್ತಿರಲಿಲ್ಲ. ಮೊನ್ನೆ ಕಾರಿನ ಬಾಗಿಲು ಹಿಡಿದು ನಿಂತು ಅವಳು ಅದನ್ನು ಪರದೇಶದ ಬಸ್ ಡ್ರೈವರನ ಬಾಯಿಂದ ಕೇಳಿದಳು.

ಹಾಲ್ವರ್ಸನ್ ಎಡಗೈಯಲ್ಲಿ ಚೆಂಡು ಎಸೆಯುತ್ತಿದ್ದರಂತೆ. ಮೊದಲ ದಿನವೇ ಮ್ಯಾಕ್ಸಿಮ್ ಅವರನ್ನು, "ಎಡಗೈ ಆದರೆ ಈ ಆಟದಲ್ಲಿ ಬೇಡ ಅನ್ನುವುದಿಲ್ಲವೇ?" ಎಂದು ಕೇಳಿದರಂತೆ. "ಬೇಡವೇ? ಎಡಗೈಯವನನ್ನ ಹುಡುಕ್ಕೊಂಡು ಮನೆಗೇ ಬರ್ತಾರೆ" ಅಂದರಂತೆ ಅವರು. ಆಗ ಇವರು, "ನನ್ನ ಜೋಯೆಲನೂ ಎಡಗೈಯವನೇ. ಯಾವಾಗಲೂ ಆ ಕೈಯಲ್ಲೇ ನನ್ನ ಬೆರಳು ಹಿಡಿಯುತ್ತಿದ್ದ" ಅಂದರಂತೆ. ಆಮೇಲೆ ಪ್ರತಿ ಗುರುವಾರ ಇಬ್ಬರೂ ಕೂತು ಜೋಯೆಲನಿಗೆ ಈಗ ಎಷ್ಟು ವಯಸ್ಸು, ಯಾವ ತಂಡ ಅವನನ್ನು ಸೇರಿಸಿಕೊಳ್ಳುತ್ತಿತ್ತು ಎಂದು ಮಾತಾಡುತ್ತಿದ್ದರಂತೆ. "ಇನ್ನೇನೇನು ಹೇಳ್ತಿದ್ರು?" ಎಂದು ನಾನು ಪ್ಯಾಟನ ತೋಳು ಹಿಡಿದು ಕೇಳಿದೆ. "ಮಿಕ್ಕಿದ್ದೆಲ್ಲ ಡೆನ್ನಿಗೆ ಗೊತ್ತಮ್ಮ," ಅಂದ. "ಅವ್ರು ಮೆಲ್ಲಗೆ ಮಾತಾಡ್ತಿದ್ರು, ನಾವು ಹತ್ತಿರ ಹೋಗ್ತಿರಲಿಲ್ಲ."

ನನಗೆ ನೆನಪಿಲ್ಲ, ಶರಣವ್ವ. ಹೆತ್ತವಳಿಗೆ ನೆನಪಿಲ್ಲ. ಮೊನ್ನೆಯಿಂದ ಕಣ್ಣು ಮುಚ್ಚಿ ಹುಡುಕುತ್ತಿದ್ದೇನೆ. ಮುಖ ಬರುತ್ತದೆ, ತಲೆಯ ವಾಸನೆ ಬರುತ್ತದೆ, ಕೈ ಬರುವುದಿಲ್ಲ. ನಾನು ಶಾಲೆಗೆ ಹೋದಾಗ ಅವನನ್ನು ತೊಡೆಯ ಮೇಲೆ ಹಾಕಿಕೊಂಡು ಎಣ್ಣೆ ಹಚ್ಚಿ ಎರೆಯುತ್ತಿದ್ದವಳು ನೀನು. ಅವನನ್ನು ಎತ್ತಿಕೊಂಡವರಲ್ಲಿ ಈಗ ಉಳಿದಿರುವವರು ನಾವಿಬ್ಬರೇ. ಮೆಲ್ಲಗೆ ನೆನಪು ಮಾಡಿಕೊಂಡು ಬರೆ. ಅವನು ನಿನ್ನ ಬಳೆ ಹಿಡಿದು ಎಳೆಯುತ್ತಿದ್ದದ್ದು ಯಾವ ಕೈಯಲ್ಲಿ?