ಮೂರು ಸಲ ತೊಳೆದ ಮೇಲೆ

ತಾ. ೧೪, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ ತಂಗಿಯ ನಮಸ್ಕಾರಗಳು.

ಪತ್ರ ತಡವಾಯಿತು, ಬೈಯಬೇಡ. ಪುಟ್ಟಿಯ ಫೋಟೋ ಸಿಕ್ಕಿತು. ನಿನ್ನ ಮನೆಯಲ್ಲಿ ಎರಡೇ ವರ್ಷಕ್ಕೆ ನನ್ನ ಮಗಳು ಎಷ್ಟು ಉದ್ದವಾಗಿಬಿಟ್ಟಿದ್ದಾಳೆ! ಕೆಲಸ ಖಾಯಂ ಆದ ದಿನವೇ ಅವಳನ್ನು ಕರೆತರುತ್ತೇನೆ ಎಂದಿದ್ದೆನಲ್ಲ, ಅದರ ಸುದ್ದಿಯೇ ಇದು.

ನಮ್ಮ ಲ್ಯಾಬಿನ ಕೆಲಸ ನಿನಗೆ ಗೊತ್ತು. ಹೊಟ್ಟೆಗೆ ಒಳ್ಳೆಯದೆನ್ನುವ ಬ್ಯಾಕ್ಟೀರಿಯಾ ಕರುಳಿನ ಒಳಪದರಕ್ಕೆ ಅಂಟಿ ನಿಲ್ಲುತ್ತದೋ, ಜಾರಿಹೋಗುತ್ತದೋ ನೋಡಬೇಕು. ತಟ್ಟೆಯ ಪುಟ್ಟ ಗುಳಿಗಳಲ್ಲಿ ಕರುಳಿನ ಜೀವಕೋಶಗಳನ್ನು ತೆಳ್ಳಗೆ ಹಾಸಿನಂತೆ ಬೆಳೆಸಿ, ಬ್ಯಾಕ್ಟೀರಿಯಾ ಹನಿಸಿ, ಎರಡು ಗಂಟೆ ಕಾದು, ಉಪ್ಪುನೀರಿನಲ್ಲಿ ಮೂರು ಸಲ ಮೆಲ್ಲಗೆ ತೊಳೆಯುತ್ತೇವೆ. ಆಮೇಲೂ ಉಳಿದದ್ದಷ್ಟೇ ಲೆಕ್ಕಕ್ಕೆ.

ನನ್ನ ಪಾಲಿನ ಬ್ಯಾಕ್ಟೀರಿಯಾ ತಳಿಯ ಹಿಂದೆ ಎರಡು ವರ್ಷ ಸವೆದಿದ್ದೇನೆ. ಮೊನ್ನೆ ಮೊನ್ನೆ ಬಂದವಳೊಬ್ಬಳಿದ್ದಾಳೆ. ಸದಾ ಹಲ್ಲು ಕಿರಿಯುವುದಕ್ಕೆ ನಾನಿಟ್ಟ ಹೆಸರು ನಗೆಬುಗ್ಗೆ. ಅವಳ ತಳಿ ನನ್ನದಕ್ಕಿಂತ ದುಪ್ಪಟ್ಟು ಅಂಟಿತು! ಮೇಲ್ವಿಚಾರಕರು, "ಇನ್ನೊಂದ್ಸಲ ಹೀಗೇ ಬಂದ್ರೆ ಖಾಯಂ ಕೆಲಸ ಇವಳಿಗೇ" ಅಂದರು. ನನಗೆ ಮೈಯೆಲ್ಲ ಉರಿಯಿತು. ಅವಳೋ ಚಹಾ ತಂದಿಟ್ಟು, "ಅಕ್ಕಾ, ತೊಳೆಯೋದ್ರಲ್ಲಿ ನಿಮ್ಮ ಕೈ ಹದ ಯಾರಿಗೂ ಬರಲ್ಲ. ನನ್ನ ತಟ್ಟೇನೂ ನೀವೇ ತೊಳೆದುಕೊಡ್ತೀರಾ?" ಎಂದಳು.

ತೊಳೆದುಕೊಟ್ಟೆ. ಮೂರರ ಬದಲು ಏಳು ಸಲ, ಪಿಪೆಟ್ಟಿನಿಂದ ನೀರು ಚಿಮ್ಮಿಸಿ ಚಿಮ್ಮಿಸಿ.

ಎಣಿಸಿದಾಗ ಅವಳ ತಳಿ ನೆಲಕಚ್ಚಿತ್ತು. "ಬೆಳೆಸುವಾಗ ನಾನೇ ಎಲ್ಲೋ ಎಡವಿದೀನಿ" ಎಂದು ತನ್ನನ್ನೇ ಬೈದುಕೊಂಡಳು, ಪಾಪದವಳು. ನನಗೆ ಖುಷಿಯಾಗಬೇಕಿತ್ತು. ಅವಳ ತಟ್ಟೆಯಲ್ಲಿ ಎಣಿಸದೆ ಬಿಟ್ಟಿದ್ದ ಒಂದು ಗುಳಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಕರುಳಿನ ಹಾಸೇ ಕಿತ್ತುಬಂದು ತಳ ಬೋಳಾಗಿತ್ತು. ಅಂಚಿನಲ್ಲಿ ಹರಿದ ಚೂರೊಂದು ಉಳಿದಿತ್ತು. ಅದಕ್ಕೆ ಅವಳ ಬ್ಯಾಕ್ಟೀರಿಯಾ ಇನ್ನೂ ಅಂಟಿಕೊಂಡೇ ಇತ್ತು.

ಹೋಗಿ ಒಪ್ಪಿಕೊಂಡೆ. ಮೇಲ್ವಿಚಾರಕರು ಆ ಗುಳಿಯನ್ನು ತಾವೇ ಬಗ್ಗಿ ನೋಡಿದರು. ಕೊನೆಗೆ, "ಈ ತಿಂಗಳು ಮುಗಿಸಿ ಹೊರಡಿ" ಅಂದರು. ಕೆಲಸ ಅವಳಿಗಾಯಿತು. ನಗೆಬುಗ್ಗೆ ಈಗ ನನ್ನನ್ನು ಅಕ್ಕಾ ಅನ್ನುವುದಿಲ್ಲ.

ಮುಂದಿನ ತಿಂಗಳು ಊರಿಗೆ ಬರುತ್ತೇನೆ. ಭಾವನಿಗೆ ನಮಸ್ಕಾರ, ಪುಟ್ಟಿಗೆ ನೂರು ಮುತ್ತು. ನಿನ್ನ ಮನೆ ತಣ್ಣಗಿರಲಿ.

ಇಂತಿ,
ನಿನ್ನ ತಂಗಿ

ತಾ.ಕ.: ಹೋದ ಸಲ ಬಂದಾಗ, "ಅಮ್ಮನ ಹತ್ರ ಬಾ" ಎಂದು ನಿನ್ನ ಕತ್ತು ತಬ್ಬಿದ್ದ ಪುಟ್ಟಿಯ ಕೈ ಬಿಡಿಸಿ ಎಳೆದುಕೊಂಡೆ, ನೆನಪಿದೆಯಾ? ಅವಳು "ಅಮ್ಮಾ" ಎಂದು ಕಿರುಚಿದಳು, ನಿನ್ನನ್ನು ನೋಡಿ. ನೀನು ಕೇಳಿಸದವಳಂತೆ ಒಳಗೆ ಹೋದೆ. ಅಂದಿನಿಂದ ನನಗೆ ಹೊಟ್ಟೆಕಿಚ್ಚು ನಿನ್ನ ಮೇಲೆ, ಅಕ್ಕ. ಅದನ್ನೆಲ್ಲ ಆ ಹುಡುಗಿಯ ತಟ್ಟೆಗೆ ಸುರಿದೆ. ಈ ಸಲ ನಾನು ಕೈ ಚಾಚಿದರೂ ಪುಟ್ಟಿಯನ್ನು ಕೊಡಬೇಡ. ತಾನಾಗಿ ಇಳಿಯುವವರೆಗೆ ಎತ್ತಿಕೊಂಡೇ ಇರು.