ಅಪ್ಪ ಚುಚ್ಚಿದ ಬ್ಯಾಡ್ಜು

ಜನ್ನಾಪುರ, ಭದ್ರಾವತಿ
೮-೯-೧೯೬೮, ಭಾನುವಾರ

ಪ್ರೀತಿಯ ಅಮ್ಮಾ,

ನಿನ್ನ ಜಗದಾಂಬಾಳ ಶರಣು. ಮೊದಲು ನಿನ್ನ ಸಮಾಚಾರ ಹೇಳು. ಕೆಮ್ಮು ಹೇಗಿದೆ? ನಿದ್ದೆ ಬರುತ್ತಿದೆಯೇ? ಇಂಜೆಕ್ಷನ್ ಚುಚ್ಚಿಸಿಕೊಂಡ ಮೇಲೆ ಕಿವಿ ಗುಂಯ್‌ಗುಡುತ್ತದೆ ಎಂದು ಬರೆದಿದ್ದೆಯಲ್ಲ, ಅದನ್ನು ಡಾಕ್ಟರಿಗೆ ಹೇಳಿದೆಯಾ, ಇಲ್ಲ ಅವರಿಗೇಕೆ ತೊಂದರೆ ಎಂದು ಸುಮ್ಮನಾದೆಯಾ? ಮೈಸೂರಿನ ಚಳಿಗೆ ಆ ಸ್ಯಾನಿಟೋರಿಯಂನವರು ಕೊಡುವ ಒಂದು ಕಂಬಳಿ ಸಾಕಾಗದಿದ್ದರೆ ಕಾಶಮ್ಮತ್ತೆಗೆ ಹೇಳಿ ಇನ್ನೊಂದು ತರಿಸಿಕೋ. ಅತ್ತೆ ತರುವ ಹಾಲನ್ನು ಪಕ್ಕದ ಮಂಚದವರಿಗೆಲ್ಲ ಹಂಚಬೇಡ, ನಿನ್ನ ಬುದ್ಧಿ ನನಗೆ ಗೊತ್ತು. ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ಅಪ್ಪನಿಗೆ ಕಾರ್ಖಾನೆಯಲ್ಲಿ ಈ ವಾರ ಬೆಳಗಿನ ಪಾಳಿ. ಅಡಿಗೆಯಲ್ಲಿ ಅವರು ಸಹಾಯ ಮಾಡುತ್ತಾರೆ. ಆ ಸಹಾಯದ ಕಥೆ ಮುಂದೆ ಬರುತ್ತದೆ, ನಗಲು ತಯಾರಾಗಿರು.

ಅಮ್ಮಾ, ನಾನು ಆನರ್ ಸೊಸೈಟಿಗೆ ಸೇರಿದೆ! ಮೇಲೆಯೇ ಬರೆಯಬೇಕೆಂದಿದ್ದೆ, ಆದರೆ ಕ್ಷೇಮ ಕೇಳದೆ ಸುದ್ದಿ ಬರೆದರೆ ನೀನೇ ಬೈಯುತ್ತೀಯ. ಶಿವಮೊಗ್ಗದ ನಮ್ಮ ಕಾಲೇಜಿನಲ್ಲಿ ಲೆಕ್ಕಶಾಸ್ತ್ರದಲ್ಲಿ ಮುಂದಿರುವವರನ್ನು ಮೇಷ್ಟ್ರುಗಳೇ ಆರಿಸಿ ಒಂದು ಸೊಸೈಟಿಗೆ ಸೇರಿಸುತ್ತಾರೆ. ಅದರ ಸಭೆಗಳಿಗೆ ದೊಡ್ಡ ಆಡಿಟರುಗಳು ಬಂದು ಪಾಠ ಹೇಳುತ್ತಾರೆ. ಇದುವರೆಗೆ ಅದರಲ್ಲಿ ಒಬ್ಬ ಹುಡುಗಿಯೂ ಇರಲಿಲ್ಲ. ಈ ಸಲ ನೋಟೀಸ್ ಬೋರ್ಡಿನಲ್ಲಿ ನನ್ನ ಹೆಸರು ನೋಡಿ ನಾನು ಅಲ್ಲೇ ಕುಣಿಯುವುದೊಂದು ಬಾಕಿ. ಆದರೆ ಸೊಸೈಟಿಯ ಕಾರ್ಯದರ್ಶಿ ಗಂಗಾಧರಪ್ಪ ಎಂಬ ಫೈನಲ್ ಇಯರಿನವನು ಬಂದು, “ನೋಡಿ, ಸಭೆ ಮುಗಿಯೋಷ್ಟರಲ್ಲಿ ಕತ್ತಲಾಗುತ್ತೆ. ನೀವು ಭದ್ರಾವತಿಗೆ ಹೋಗೋರು. ಹೆಣ್ಣುಮಕ್ಕಳಿಗೆ ಯಾಕೆ ಈ ತಾಪತ್ರಯ? ಬೇಡ ಅಂತ ಒಂದು ಮಾತು ಹೇಳಿಬಿಡಿ” ಎಂದ. ಕೆಟ್ಟದ್ದಾಗಿಯೇನೂ ಹೇಳಲಿಲ್ಲ, ಉಪಕಾರ ಮಾಡುವವನ ಹಾಗೆಯೇ ಹೇಳಿದ. ಪುಣ್ಯಕ್ಕೆ ನಮ್ಮ ಅಕೌಂಟೆನ್ಸಿ ಮೇಷ್ಟ್ರು ಪರಮೇಶ್ವರಪ್ಪನವರು ಅಲ್ಲೇ ಬರುತ್ತಿದ್ದರು. ಅವನ ಹೆಗಲ ಮೇಲೆ ಕೈಯಿಟ್ಟು, “ಹಂಗಾದ್ರೆ ಸಭೇನ ಮಧ್ಯಾಹ್ನ ಇಟ್ಕೊಳ್ಳೋಣ ಮಾರಾಯ. ಸೂರ್ಯ ಇದ್ದಾಗ್ಲೂ ಲೆಕ್ಕ ಕೂಡುತ್ತೆ” ಎಂದರು. ಅಷ್ಟೇ. ಸಭೆ ಶನಿವಾರ ಮಧ್ಯಾಹ್ನಕ್ಕೆ ಬಂತು.

ಮನೆಯಲ್ಲಿ ಹೇಳಿದಾಗ ಅಪ್ಪ ಊಟದ ತಟ್ಟೆಯಿಂದ ತಲೆ ಎತ್ತದೆ, “ಹೋಗ್ಬೇಡ ಅನ್ನಲ್ಲ ಕಣಮ್ಮ. ಹೋಗು ಅನ್ನೋಕೂ ಧೈರ್ಯ ಬರಲ್ಲ. ಹೆಣ್ಣುಹುಡುಗಿ ಸ್ಟೇಜು ಹತ್ತಿದ್ರೆ ನಾಲ್ಕು ಜನ ಏನಂತಾರೋ. ನಿಮ್ಮಮ್ಮ ಇದ್ದಿದ್ರೆ ಬೇರೆ ಮಾತು” ಎಂದರು. ನೀನೂ ಬಾ ಅಪ್ಪ ಎಂದರೆ, ಪಾಳಿ ಮುಗಿಸಿ ಬರೋದು ಎಲ್ಲಾಗುತ್ತೆ ಎಂದುಬಿಟ್ಟರು. ಹಾಗಾಗಿ ನಿನ್ನೆ ನಾನೊಬ್ಬಳೇ ನಿನ್ನ ಹಸಿರು ಸೀರೆ ಉಟ್ಟು ಹೋದೆ. ನಿನ್ನನ್ನು ಕೇಳದೆ ಪೆಟ್ಟಿಗೆ ತೆಗೆದೆ, ಬೈಯಬೇಡ.

ಹಾಲ್ ತುಂಬಿತ್ತು. ಹೊಸದಾಗಿ ಸೇರುವವರು ಸ್ಟೇಜಿನ ಮೇಲೆ ನಿಂತು ಅತಿಥಿಗಳು ಕೇಳುವ ಒಂದು ಪ್ರಶ್ನೆಗೆ ಉತ್ತರ ಹೇಳಬೇಕು, ಅದೇ ಪದ್ಧತಿ. ಅತಿಥಿಗಳು ಮೈಸೂರಿನ ಆಡಿಟರ್ ರಾಮಚಂದ್ರಪ್ಪನವರು, ನರೆತ ಮೀಸೆ, ಗಟ್ಟಿ ಧ್ವನಿ. ನನ್ನ ಸರದಿ ಬಂದಾಗ, “ತಾಳೆಪಟ್ಟಿಯ ಎರಡೂ ಕಡೆ ಮೊತ್ತ ಒಂದೇ ಬಂತು. ಹಾಗಾದರೆ ಲೆಕ್ಕ ಸರಿಯಿದೆ ಅನ್ನಬಹುದೇನಮ್ಮ?” ಎಂದರು. ಪುಸ್ತಕದ ಉತ್ತರ ನನಗೆ ಕಂಠಪಾಠ. ಆದರೆ ಅದರ ಮೊದಲ ಪದವನ್ನೇ ಮೂರು ಸಲ ಹೇಳಿದೆ, ಮುಂದಿನದು ಮರೆತೇ ಹೋಗಿತ್ತು! ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆಗ ನನ್ನ ಬಾಯಿಂದ ಬಂದದ್ದು ಇದು: “ಇಲ್ಲ ಸರ್. ಹೋದ ವಾರ ನಮ್ಮ ಮನೇಲಿ ಉಪ್ಪಿನ ಭರಣಿಗೆ ಬಟ್ಟೆ ಸೋಡಾ ತುಂಬಿಟ್ಟಿದ್ರು. ನೋಡೋಕೆ ಭರಣಿ ಎಲ್ಲಾ ಸರಿಯಾಗೇ ಇದ್ವು, ತುಂಬಿಯೂ ಇದ್ವು. ಸಾರು ಮಾತ್ರ ಬಾಯಿಗಿಡೋ ಹಾಗಿರಲಿಲ್ಲ. ಒಂದು ಖಾತೆಗೆ ಹೋಗಬೇಕಾದ್ದು ಇನ್ನೊಂದಕ್ಕೆ ಹೋದ್ರೂ ಮೊತ್ತ ತಾಳೆಯಾಗುತ್ತೆ ಸರ್. ತಪ್ಪು ತಪ್ಪಾಗೇ ಇರುತ್ತೆ.”

ಇಡೀ ಹಾಲ್ ಗೊಳ್ಳೆಂದಿತು. ಮೊದಲು ನನ್ನನ್ನೇ ಹಾಸ್ಯ ಮಾಡುತ್ತಿದ್ದಾರೆಂದುಕೊಂಡೆ. ಆದರೆ ರಾಮಚಂದ್ರಪ್ಪನವರು ಮೇಜು ಕುಟ್ಟಿ, “ಭೇಷ್! ಇದನ್ನ ಹೀಗೆ ಹೇಳಿದೋರನ್ನ ನಾನು ಕಂಡಿಲ್ಲ” ಎಂದರು. ಚಪ್ಪಾಳೆ ಅಮ್ಮಾ, ಗಂಗಾಧರಪ್ಪನೂ ತಟ್ಟಿದ. ಆಮೇಲೆ ಒಂದು ಪೇಚು. ಸೊಸೈಟಿಯ ಬ್ಯಾಡ್ಜನ್ನು ಹುಡುಗರಿಗೆಲ್ಲ ರಾಮಚಂದ್ರಪ್ಪನವರೇ ಅಂಗಿಗೆ ಸಿಕ್ಕಿಸಿದ್ದರು. ನನ್ನ ಮುಂದೆ ಬಂದು ಕೈ ತಡೆದು ನಿಂತರು. ಸಭೆಯ ಕಡೆ ತಿರುಗಿ, “ಈ ಹುಡುಗಿ ಮನೆಯವರು ಯಾರಾದ್ರೂ ಬಂದಿದ್ದೀರಾ?” ಎಂದು ಕೇಳಿದರು. ಯಾರೂ ಇಲ್ಲ ಸರ್ ಎಂದು ನಾನು ಹೇಳುವಷ್ಟರಲ್ಲಿ ಬಾಗಿಲ ಹತ್ತಿರದಿಂದ, “ನಾನಿದ್ದೀನಿ ಸ್ವಾಮಿ. ಆ ಸೋಡಾ ತುಂಬಿದೋನು” ಎಂದು ಕೇಳಿಸಿತು.

ಅಪ್ಪ! ಪಾಳಿ ಮುಗಿಸಿ ಅದೇ ಖಾಕಿಯಲ್ಲಿ ಬಸ್ಸು ಹತ್ತಿ ಬಂದು, ಎಲ್ಲರ ಹಿಂದೆ ನಿಂತಿದ್ದರಂತೆ. ಎರಡನೇ ಸಲ ಸಭೆ ನಕ್ಕಿತು, ಈ ಸಲ ಅಪ್ಪನೂ ನಕ್ಕರು. ಸ್ಟೇಜು ಹತ್ತಿ ಬಂದು ಆ ಸಣ್ಣ ಪಿನ್ನನ್ನು ಹಿಡಿಯಲು ಪಟ್ಟ ಪಾಡು ಹೇಳತೀರದು. ಕುಲುಮೆ ಮುಂದೆ ದುಡಿದ ಬೆರಳುಗಳಲ್ಲಿ ಅದು ನಿಲ್ಲುತ್ತಲೇ ಇರಲಿಲ್ಲ. ಕೊನೆಗೆ ಹೆಗಲ ಸೆರಗಿಗೆ ಸೊಟ್ಟಗೆ ಚುಚ್ಚಿ, ನನಗಷ್ಟೇ ಕೇಳುವ ಹಾಗೆ, “ನಾಲ್ಕು ಜನ ಏನೂ ಅನ್ಲಿಲ್ಲ ಕಣೇ” ಎಂದರು. ಅವರ ಕಣ್ಣು ಒದ್ದೆಯಾಗಿತ್ತು. ಬಸ್ಸಿನಲ್ಲಿ ಮಾಚೇನಹಳ್ಳಿ ದಾಟುವವರೆಗೂ ಕಿಟಕಿಯಾಚೆಯೇ ನೋಡುತ್ತಿದ್ದರು. ಮನೆಗೆ ಬಂದವರು ಬೀದಿಯವರಿಗೆಲ್ಲ ತಾವೇ ಹೇಳಿಕೊಂಡು ಬಂದರು.

ಹೊತ್ತುಹೊತ್ತಿಗೆ ಮಾತ್ರೆ ತೆಗೆದುಕೋ. ಅತ್ತೆಗೆ ನನ್ನ ಶರಣು ತಿಳಿಸು. ಅಪ್ಪ ನಿನ್ನನ್ನು ಕೇಳಿದೆ ಎಂದು ಬರೆಯಲು ಹೇಳಿದರು, ಹೇಳುವಾಗ ಮುಖ ಆಚೆ ತಿರುಗಿಸಿದ್ದರು.

ನಿನ್ನ ಮುದ್ದಿನ ಮಗಳು,
ಜಗದಾಂಬಾ

ಮರೆತೆ: ದಸರಾ ರಜೆಯಲ್ಲಿ ಮೈಸೂರಿನ ತಮ್ಮ ಆಫೀಸಿಗೆ ಬಂದು ಕೆಲಸ ಕಲಿಯಲಿ ಎಂದು ರಾಮಚಂದ್ರಪ್ಪನವರು ಕರೆದಿದ್ದಾರೆ. ಕಾಶಮ್ಮತ್ತೆಯ ಮನೆಯಲ್ಲಿ ಇರಬಹುದು. ಅಪ್ಪ, “ನಿಮ್ಮಮ್ಮ ಹೂಂ ಅಂದ್ರೆ ನಂದೇನೂ ಇಲ್ಲ” ಎಂದಿದ್ದಾರೆ. ನೀನು ಬೇಡ ಎನ್ನುತ್ತೀಯೆಂದು ನನಗೆ ಗೊತ್ತು, ನಿನ್ನ ಕಾಯಿಲೆ ನನಗೆ ತಗುಲೀತೆಂದು ಇಷ್ಟು ತಿಂಗಳೂ ನನ್ನನ್ನು ಬರಗೊಡಲಿಲ್ಲ. ಈಗ ಹತ್ತಿರ ಬಂದರೆ ಭಯವಿಲ್ಲ ಎಂದು ಡಾಕ್ಟರೇ ಹೇಳಿದರಂತೆ, ಅತ್ತೆ ಬರೆದಿದ್ದಾರೆ, ನೀನೇ ಬರೆಯಲಿಲ್ಲ. ಹಗಲು ಆಫೀಸು, ಸಂಜೆ ನೀನು. ಬೇಕಾದರೆ ಬಾಗಿಲಲ್ಲೇ ನಿಲ್ಲುತ್ತೇನೆ. ಹೂಂ ಎನ್ನಮ್ಮ.